ಎರೆಹುಳಕ್ಕಿರುವ ಸುಖ ನನ್ನ ಮುಖಕ್ಕಿಲ್ಲ

“ಅಮ್ಮ, ಪ್ರೈಜ್ ಕೊಡೋ ದಿನ ಸಾಲಿಗೆ ಕಾಕೂನ್ನ ಕರ್ಕೊಂಡು ಹೋಗ್ಲೇನು?”

ಕಾಕು ಎಂದರೆ ನನ್ನ ವಾರಗಿತ್ತಿ ಪದ್ಮ. ತಾಯಂದಿರನ್ನು ಕರೆತನ್ನಿ ಎಂದು ಟೀಚರು ಹೇಳಿದ್ದು. ತಾಯಿ ನಾನು!

“ಯಾಕ, ನನಗೇನಾಗೇದ?”

“ನಿನ್ನ ಮುಖಕ್ಕ ಮಸಿ ಯಾಕ ಹತ್ತೇದ ಅಂತ ಹುಡುಗ್ಯಾರು ಕೇಳ್ತಾರ.”

ಮಸಿಯಲ್ಲ, ಬಂಗು. ಎರಡೂ ಕೆನ್ನೆಗೆ ಕಂದು ಬಣ್ಣದ ನಕಾಶೆ. (ನಲವತ್ತು ದಾಟಿದ ಸೋದರಿಯರೇ, ನಗುವ ಮುಂಚೆ ಕನ್ನಡಿ ನೋಡಿಕೊಳ್ಳಿ.) ಪದ್ಮ ನನ್ನ ಓರಗೆಯವಳೇ. ಅದೇ ಬಾವಿ ನೀರು, ಅದೇ ಹೊಸಪೇಟೆ ಬಿಸಿಲು. ಅವಳ ಕೆನ್ನೆ ಮಾತ್ರ ಈಗಷ್ಟೇ ತಿಕ್ಕಿದ ಬೆಳ್ಳಿ ಬಟ್ಟಲು. ಹೊಟ್ಟೆ ಉರಿಯಬಾರದೆಂದರೆ ಹೇಗೆ?

ಆ ಉರಿಯಲ್ಲೇ ಹಿತ್ತಲಿಗೆ ಹೋದೆ. ಮದ್ರಾಸಿನಲ್ಲಿ ಜುವಾಲಜಿ ಓದುವ ಕೊನೆಯ ಮೈದುನ ಗುರುರಾಜ, ರಜೆಗೆ ಬಂದವನು, ಕಾಲುವೆ ದಂಡೆಯ ಎರೆಹುಳ ಕೊಯ್ದು ಕೂತಿದ್ದ. (ಅತ್ತೆ ಕಂಡಿದ್ದರೆ ಅವನನ್ನು ಸೆಗಣಿ ನೀರಿಗೇ ಅದ್ದುತ್ತಿದ್ದರು.)

“ವೈನಿ, ಈ ಲೆನ್ಸ್‌ನಾಗ ನೋಡ್ರಿ. ಬಾಲದ ಕಡೆ ಕಂದು ಗಂಟು ಕಾಣ್ತಾವಲ್ಲ? ಒಳಗ ಹೊಕ್ಕ ಕ್ರಿಮಿಗಳನ್ನ ಹುಳ ಹಿಂಗ ಸುತ್ತಿ ಕಟ್ಟಿ ಇಡ್ತದ. ವಯಸ್ಸಾದಂಗ ಗಂಟು ಜಾಸ್ತಿ, ಬಣ್ಣಾನೂ ಗಾಢ.”

“ಭಾಳ ಆದ್ರ?”

“ಬಾಲದ ತುದೀನೇ ಉದುರಿಸಿಬಿಡ್ತದ.”

ನನ್ನ ಮುಖ ಅರಳಿತು. ಕಂದು ಬಣ್ಣವೆಂದರೆ ಹೋರಾಡಿದ ಗುರುತು!

“ಹಂಗಾರ ನನ್ನ ಬಂಗೂ ಹಂಗ ಅಲ್ಲೇನೋ? ಪದ್ಮನ ಮೈ ಏನೂ ಹೋರಾಡಿಲ್ಲ ಅಂತಾತು!”

“ಇಲ್ರಿ ವೈನಿ. ಹುಳದ್ದು ಹುಳಕ್ಕ. ನಿಮ್ಮದು ಬರೇ ಬಂಗು.”

ಒಂದು ಸುಳ್ಳು ಹೇಳಿದ್ದರೆ ಅವನ ಡಿಗ್ರಿ ಹೋಗುತ್ತಿತ್ತೇ?

ವಾರಗಿತ್ತಿಯ ಮೇಲಿದ್ದ ಹೊಟ್ಟೆಕಿಚ್ಚು ಎರೆಹುಳಕ್ಕೂ ಹಬ್ಬಿತು. ಅದರ ಕಲೆಗೊಂದು ಕೆಲಸವಿದೆ. ಬೇಡವಾದರೆ ಉದುರಿಸಲು ಬಾಲವಿದೆ. ನಮಗೆ? ಕಲೆಯೂ ದಂಡ, ಹಚ್ಚಿದ ಅರಿಶಿನವೂ ದಂಡ. ನಮ್ಮ ಯಜಮಾನರ ಮುಖದ ತುಂಬ ಸಿಡುಬಿನ ಕಲೆ. ಅವರನ್ನು ಸಾಲೆಗೆ ಕರೆದೊಯ್ಯಲು ಮಗಳು ಎಂದಾದರೂ ನಾಚಿದ್ದಾಳೆಯೇ? ಗಂಡಸಿನ ಕಲೆ ಗತ್ತು, ಹೆಂಗಸಿನದು ಮಸಿ!

“ಸಾಲಿಗೆ ನಾನೇ ಬರ್ತೀನಿ,” ಎಂದು ಹಿತ್ತಲಿಂದ ಬಂದು ಮಗಳಿಗೆ ಗದರಿಸಿಯೇ ಹೇಳಿದೆ.

ಒಳಗಿಂದ ಪದ್ಮ ಓಡಿ ಬಂದಳು. ಕೈಯಲ್ಲಿ ಅವಳ ಮದುವೆಯ ರೇಷ್ಮೆ ಸೀರೆ.

“ಅಕ್ಕಾ, ಇದನ್ನ ಉಟ್ಕೊಂಡು ಹೋಗ್ರಿ. ನನಗಿಂತ ನಿಮಗ ಭಾಳ ಒಪ್ತದ.”

ಇಂಥವಳ ಮೇಲೆ ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡುವುದಾದರೂ ಹೇಗೆ, ನೀವೇ ಹೇಳಿ?