ದಂತದ ಗೋಪಾಲನ ಹುಟ್ಟಿದ ದಿನ

ನಾರಾಯಣಗೂಡದ ನಮ್ಮ ಮನೆಯ ದೇವರ ಕೋಣೆಯಲ್ಲಿ ಗೇಣುದ್ದದ ಒಬ್ಬ ಗೋಪಾಲನಿದ್ದ. ಆನೆದಂತದವನು. ಪುಟ್ಟ ಗುಡ್ಡದ ಮೇಲೆ ಕೂತು, ಅಂಗೈಗೆ ಕೆನ್ನೆ ಕೊಟ್ಟು ಕಣ್ಣು ಮುಚ್ಚಿದ್ದ. ತೊಡೆಯ ಮೇಲೊಂದು ಕರು, ಹೆಗಲ ಮೇಲೊಂದು ಕರು. ಸರ್ಕಾರಿ ನೌಕರಿಯಲ್ಲಿದ್ದ ಅಜ್ಜ ಯಾರೋ ನವಾಬರ ಮನೆಯ ಹರಾಜಿನಿಂದ ತಂದು ಅಜ್ಜಿಯ ಕೈಗಿಟ್ಟಿದ್ದರಂತೆ. ಅಜ್ಜ ಹೋದ ಮೇಲೆ ಅಜ್ಜಿಯ ಮಾತುಕತೆಯೆಲ್ಲ ಅವನ ಜೊತೆಗೇ. ದಿನಾ ಒರೆಸಿ, ಗಂಧ ಹಚ್ಚಿ, ಗೋಕುಲಾಷ್ಟಮಿಗೆ ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಿದ್ದಳು.

ನಾನಾಗ ಕಾಲೇಜಿನಲ್ಲಿ ಕಲೆಯ ಇತಿಹಾಸ ಓದುತ್ತಿದ್ದೆ. ಯುರೋಪಿನ ಬರೋಕ್ ಕಾಲದ ಪಾಠ ಮಾಡುತ್ತ ಮಾಸ್ತರರು ಒಂದು ದಿನ ಗೋವೆಯ ದಂತದ ಕೆತ್ತನೆಗಳ ಸ್ಲೈಡು ಹಾಕಿದರು. ಗೋಡೆಯ ಮೇಲೆ ನಮ್ಮ ಗೋಪಾಲ! ಅದೇ ಗುಡ್ಡ, ಅದೇ ನಿದ್ದೆ. ಕುರಿಗಾಹಿಯ ವೇಷದ ಬಾಲ ಯೇಸು, ಎಂದರು ಮಾಸ್ತರರು. ಪಾದ್ರಿಗಳು ಹೇಳಿದ್ದನ್ನು ಕೆತ್ತುತ್ತ ನಮ್ಮ ಶಿಲ್ಪಿಗಳು ತಮಗೆ ಗೊತ್ತಿದ್ದ ಮುಖವನ್ನೇ ಕೂರಿಸಿಬಿಟ್ಟಿದ್ದರಂತೆ. ಮನೆಗೆ ಬಂದವಳೇ ಭೂತಗನ್ನಡಿ ಹಿಡಿದು ನೋಡಿದೆ. ಗಂಧ ಮೆತ್ತಿದ್ದ ಕರುವಿನ ಮೈತುಂಬ ಸುರುಳಿ ಸುರುಳಿ ಉಣ್ಣೆ.

ಗೊತ್ತಾದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಎಲ್ಲರೂ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ.

ಸಚಿವಾಲಯದಲ್ಲಿ ಕೆಲಸಕ್ಕಿದ್ದ ಕಾಕಾ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟರು. "ಹಂಗಾದ್ರ ದೇವರ ಕೋಣ್ಯಾಗ ಯಾಕ? ಪಡಸಾಲಿ ಶೋಕೇಸಿನ್ಯಾಗ ಇಡೂಣು. ಬಂದವರು ನೋಡ್ತಾರ."

"ಅಜ್ಜಿ ಕೊಟ್ರ ಇಡ್ರಿ ಕಾಕಾ," ಎಂದೆ. ನಿಜ ಹೇಳುವುದು ಬೇರೆ, ಅಜ್ಜಿಯ ದೇವರನ್ನು ಕಸಿದುಕೊಳ್ಳುವುದು ಬೇರೆ. ಈ ವಿಷಯದಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ. ಆದರೆ ಅಜ್ಜಿ ಅರ್ಧ ಊಟಕ್ಕೇ ಎದ್ದಳು. ನನಗೆ ಭಯವಾಯಿತು.

ಮರುದಿನ ಬೆಳಿಗ್ಗೆ ಕಾಕಾ ಶೋಕೇಸಿನ ಪಿಂಗಾಣಿ ಗೊಂಬೆಗಳನ್ನು ಸರಿಸಿ ಜಾಗ ಮಾಡುತ್ತಿದ್ದರು. ಅಜ್ಜಿ ಗೋಪಾಲನನ್ನು ಸೆರಗಿನಲ್ಲಿ ಹಿಡಿದು ಹೊರಗೆ ಬಂದಳು. ಕೊಟ್ಟೇಬಿಡುತ್ತಾಳೆ ಅಂದುಕೊಂಡೆ. ಅವಳು ಬಂದದ್ದು ನನ್ನ ಹತ್ತಿರ.

"ಇವ ಹುಟ್ಟಿದ್ದು ಯಾವಾಗ?"

"ಡಿಸೆಂಬರ್ ಇಪ್ಪತ್ತೈದು, ಅಜ್ಜಿ."

"ಅಯ್ಯ ನನ್ನ ಕೂಸ! ಇಷ್ಟು ವರ್ಷ ನಿನ್ನ ಹುಟ್ಟಿದ ದಿನಾನ ತಪ್ಪಿಸೀನಲ್ಲೋ!"

ಕಾಕಾ ಗೊಂಬೆ ಹಿಡಿದುಕೊಂಡೇ ತಿರುಗಿದರು. "ಅವ್ವಾ, ಅವ ನಮ್ಮವ ಅಲ್ಲ."

"ಯಶೋದಾ ಏನು ಹಡದಿದ್ಲೇನು? ಸಾಕಿದ್ಲು," ಎಂದಳು ಅಜ್ಜಿ. ಒಳಗೆ ಹೋಗಿ ಅವನನ್ನು ಮೊದಲಿನ ಜಾಗದಲ್ಲೇ ಕೂರಿಸಿದಳು. ಕಾಕಾ ಕೈಯಲ್ಲಿದ್ದ ಗೊಂಬೆಯನ್ನು ಮತ್ತೆ ಶೋಕೇಸಿನಲ್ಲಿಟ್ಟರು. ನನಗಂತೂ ಕುಣಿಯುವಷ್ಟು ಖುಷಿಯಾಯಿತು.

ಆ ವರ್ಷ ಅಷ್ಟಮಿಗೆ ಎಂದಿನಂತೆ ತೊಟ್ಟಿಲು ಕಟ್ಟಿದೆವು. ಡಿಸೆಂಬರಿನಲ್ಲಿ ಅದನ್ನು ಮತ್ತೆ ಅಟ್ಟದಿಂದ ಇಳಿಸಿದ್ದು ಕಾಕಾ. ಅವತ್ತು ಅವರಿಗೆ ಆಫೀಸಿನ ರಜೆ. ಅಜ್ಜಿ ಉಂಡಿ ಕಟ್ಟಿ, ದೀಪ ಹಚ್ಚಿ, ಅವನನ್ನು ಮಲಗಿಸಲು ಎತ್ತಿಕೊಂಡವಳು ಅವನ ಬರಿಗಾಲು ಕೈಗೆ ತಾಗಿದ್ದೇ ನಿಂತುಬಿಟ್ಟಳು. ಆ ಚಳಿಯಲ್ಲಿ ದಂತ ತಣ್ಣಗೆ ಕೊರೆಯುತ್ತಿತ್ತು.

"ಇಂಥಾ ಥಂಡ್ಯಾಗ ಹುಟ್ಟೀಯೇನೋ," ಎನ್ನುತ್ತ, ತಾನು ಹೊದ್ದಿದ್ದ ಶಾಲನ್ನೇ ತೆಗೆದು ಅವನಿಗೆ ಸುತ್ತಿದಳು.