ಚಾಪೆಯವರೆಗೆ ಬಂದ ಹೆಜ್ಜೆ

ನನ್ನ ಮಗಳು ನಂದಗಡದಲ್ಲಿ ಆರಾಮಾಗಿ ಇರುತ್ತಿದ್ದಳು. ಬೆಳಗಾವಿಯ ನಮ್ಮ ಮನೆಗೆ ಕರೆತಂದ ಎಂಟು ದಿನಕ್ಕೆ ಮತ್ತೆ ಹೊಟ್ಟೆ ಉಬ್ಬಿ ಭೇದಿ ಶುರುವಾಗುತ್ತಿತ್ತು. ಮೂರು ಸಲ ಹೀಗಾಯಿತು. ಖಾನಾಪುರದ ಕಡೆಯ ಆ ನಂದಗಡ ನನ್ನ ಹೆಂಡತಿಯ ತವರು. ಅಲ್ಲಿ ಗಂಜಿ, ಅಕ್ಕಿ ಭಾಕ್ರಿ. ನಮ್ಮಲ್ಲಿ ಚಪಾತಿ. ಆಗ ಅದು ಯಾರ ತಲೆಗೂ ಹೊಳೆಯಲಿಲ್ಲ.

"ಮನಿಯೊಳಗ ಏನೋ ಐತಿ," ಅಂದಳು ನಮ್ಮವ್ವ. "ಕೂಸನ್ನ ಕಂಡ್ರ ಅದಕ್ಕ ಆಗಂಗಿಲ್ಲ."

"ಇರೂವು ಎರಡ ಖೋಲಿ ಯವ್ವಾ. ಅದರೆ ಎಲ್ಲಿ ಮಕ್ಕೊತೈತಿ?"

ಅವ್ವ ನಗಲಿಲ್ಲ. ಬಾಗಿಲಿಗೆ ನಿಂಬೆಹಣ್ಣು ಕಟ್ಟಿದಳು.

ನಾನು ಹಿಟ್ಟಿನ ಗಿರಣಿಯಲ್ಲಿ ದುಡಿಯುವವನು. ಶಾಲೆ ಏಳನೆಯದಕ್ಕೇ ಬಿಟ್ಟೆ. ಗಿರಣಿಯ ತಿರುಗುವ ಪಟ್ಟಿಗೆ ಸಿಕ್ಕಿ ಬಲಗೈ ನಡುಬೆರಳಿನ ತುದಿ ಹೋಗಿದೆ. ಡಾಕ್ಟರ ಮಾತು ನನಗೆ ಅರ್ಥವಾಗುವುದು ಕಮ್ಮಿ. ಆದರೆ ಆಸ್ಪತ್ರೆಯಲ್ಲಿ ಇಂಥ ಮಕ್ಕಳ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದ ಒಬ್ಬ ಮೇಡಮ್ ಇದ್ದರು. ಅವರು ಮಗಳ ರಕ್ತ ನೋಡಿದರು, ಬಾಯಿಂದ ನಳಿಕೆ ಇಳಿಸಿ ಕರುಳಿನ ಚೂರು ತೆಗೆದು ನೋಡಿದರು. ರೋಗದ ಹೆಸರು ಸೀಲಿಯಾಕ್. ಗೋಧಿ ಒಳಗೆ ಹೋದರೆ ಮಗುವಿನ ಮೈಯೇ ತನ್ನ ಕರುಳಿನ ಮೇಲೆ ಬೀಳುತ್ತದಂತೆ. ಎರಡು ಫೋಟೋ ತೋರಿಸಿದರು. ಒಳ್ಳೆಯ ಕರುಳಿನಲ್ಲಿ ಭತ್ತದ ಸಸಿಯ ಹಾಗೆ ಏನೋ ಎದ್ದು ನಿಂತಿತ್ತು. ಮಗಳದು ನುಣ್ಣಗಿತ್ತು.

"ಗಿರಣಿ ಕಲ್ಲು ಸವದಂಗ ಆಗೇತ್ರಿ," ಎಂದೆ. ಕಲ್ಲಿನ ಗೀರು ಸವೆದರೆ ಕಾಳು ಹಾಗೇ ಹೊರಬೀಳುತ್ತದೆ. ಆಗ ಉಳಿ ಹಿಡಿದು ಗೀರು ಹೊಡೆಯುತ್ತೇವೆ.

"ಬರೋಬ್ಬರಿ ಹೇಳಿದ್ರಿ. ಇದಕ್ಕ ಉಳಿ ಬ್ಯಾಡ. ಗೋಧಿ ಪೂರಾ ಬಿಟ್ರ ತಾನ ಬೆಳಿತೈತಿ."

"ಗುಳಿಗಿ ಇಲ್ಲೇನ್ರಿ?"

"ಹುಡುಕಾಕತ್ತೇವ್ರಿ. ಇನ್ನೂ ಸಿಕ್ಕಿಲ್ಲ. ಸದ್ಯಕ್ಕ ಊಟಾನ ಔಷಧ."

ಮನೆಯಲ್ಲಿ ಗೋಧಿ ನಿಂತಿತು. ರವೆ, ಶಾವಿಗೆ, ಬಿಸ್ಕಿಟ್ ಎಲ್ಲ ಬಂದ್. ಮಗಳ ಜೋಳವನ್ನು ನಾನೇ ಬೀಸಿ ತರುತ್ತಿದ್ದೆ. ಗಿರಣಿಯಲ್ಲಿ ಒಂದು ಪದ್ಧತಿ ಇದೆ. ಗೋಧಿ ಬೀಸಿದ ಮೇಲೆ ಒಂದು ಹಿಡಿ ಜೋಳ ಹಾಕಿ ಆ ಹಿಟ್ಟನ್ನು ಬೇರೆ ತೆಗೆಯುತ್ತೇವೆ. ಅಲ್ಲಿಗೆ ಕಲ್ಲು ಚೊಕ್ಕ ಆಯಿತು ಅಂತ. ಮಗಳಿಗಾಗಿ ನಾನು ಎರಡು ಹಿಡಿ ಹಾಕುತ್ತಿದ್ದೆ.

ತಿಂದದ್ದನ್ನೆಲ್ಲ ಬರೆಯಲು ಮೇಡಮ್ ಒಂದು ವಹಿ ಕೊಟ್ಟಿದ್ದರು. ಹೆಂಡತಿ ಬಿಡದೆ ಬರೆದಳು. ಆರು ತಿಂಗಳ ಮೇಲೆ ಮತ್ತೆ ರಕ್ತ ನೋಡಿದ ಮೇಡಮ್ ವಹಿ ಮುಚ್ಚಿದರು. "ಎಲ್ಲಿಂದೋ ಗೋಧಿ ಹೊಟ್ಟಿಗೆ ಹೋಗಾಕತ್ತೈತಿ. ಹಿಂಗಾದ್ರ ಹುಡುಗಿ ಬೆಳಿಯಂಗಿಲ್ಲ. ಮನ್ಯಾಗ ಯಾರರೆ ಕದ್ದು ತಿನಸ್ತಾರೇನು?"

ಮನೆಗೆ ಬಂದು ಅವ್ವನ ಮೇಲೆ ಹರಿಹಾಯ್ದೆ. "ನೀನ ಬಿಸ್ಕಿಟ್ ಕೊಡಸಿರಬೇಕು!"

ಅವ್ವ ಮಗುವಿನ ತಲೆ ಮುಟ್ಟಿ ಆಣೆ ಮಾಡಿದಳು. "ನಾ ಅಲ್ಲೋ ಮಗನ. ಅದು ಐತಿ ಅಂತ ಆವತ್ತ ಹೇಳೀನಿ. ಅದ ತಿನಸಾಕತ್ತೈತಿ."

ಈ ಸಲ ನನಗೂ ನಗು ಬರಲಿಲ್ಲ. ಮೂಲೆ ಮೂಲೆ ನೋಡುವ ಚಟ ಹತ್ತಿತು. ಒಂದು ಮಧ್ಯಾಹ್ನ ಊಟಕ್ಕೆ ಬಂದು ಮಗಳ ಪಕ್ಕ ಅಡ್ಡಾಗಿ ಎದ್ದಾಗ, ಕರಿ ಫರಸಿ ಕಲ್ಲಿನ ನೆಲದ ಮೇಲೆ ಬಿಳಿ ಹೆಜ್ಜೆ ಕಂಡವು. ಬಾಗಿಲಿನಿಂದ ಮಗಳ ಚಾಪೆಯವರೆಗೆ ಬಂದಿದ್ದವು. ಮರಳಿ ಹೋದ ಹೆಜ್ಜೆ ಇರಲಿಲ್ಲ. ಮಗಳು ಎದ್ದು ನೀರು ಕುಡಿಯಲು ಹೋದಳು. ಅವಳ ಬೆನ್ನು ನೋಡಿ ಅವ್ವ ಚೀರಿದಳು.

"ಕೈ ನೋಡೋ! ಐದೂ ಬೆರಳ ಮೂಡ್ಯಾವ!"

ನೀಲಿ ಫ್ರಾಕಿನ ಮೇಲೆ ಬಿಳಿ ಅಂಗೈ. ದೊಡ್ಡವರದು. ಹತ್ತಿರ ಹೋಗಿ ನೋಡಿದೆ. ನಡುಬೆರಳು ಮೋಟಾಗಿತ್ತು.

ಅವ್ವ ನನ್ನ ಕೈ ನೋಡಿದಳು.

ಕೈಗೇ ಇಷ್ಟು ಹಿಟ್ಟು ಅಂಟಿದ್ದರೆ ಕಲ್ಲಿಗೆಷ್ಟು ಎಂದು ನೇರ ಗಿರಣಿಗೆ ಹೋಗಿ, ಎಂದಿನಂತೆ ಎರಡು ಹಿಡಿ ಜೋಳ ಬೀಸಿ, ಕಲ್ಲು ಬಿಚ್ಚಿದೆ. ಗೀರುಗಳಲ್ಲಿ ಗೋಧಿ ಹಿಟ್ಟು ಗೋಡೆಯ ಗಿಲಾವಿನ ಹಾಗೆ ಮೆತ್ತಿಕೊಂಡಿತ್ತು. ಎಷ್ಟು ದಿನದ್ದೋ ಗೊತ್ತಿಲ್ಲ. ಬೆರಳಲ್ಲಿ ಕೆರೆದರೂ ಬರಲಿಲ್ಲ.

ಹೋಗಿ ಎಲ್ಲ ಹೇಳಿದಾಗ ಮೇಡಮ್ ಬೈಯಲಿಲ್ಲ. "ಎರಡ ಹಿಡಿ ಅಲ್ಲ, ಎರಡ ಚೀಲ ಹಾಕಿದ್ರೂ ಆ ಕಲ್ಲು ಚೊಕ್ಕ ಆಗಂಗಿಲ್ರಿ. ನಿಮ್ಮ ಮೈಮ್ಯಾಲಿನ ಹಿಟ್ಟಿನ ಧೂಳೂ ಮನಿಗಿ ಬ್ಯಾಡ," ಎಂದು ಹೇಳಿ ಬರೆದುಕೊಂಡರು. ಇಂಥ ಮಕ್ಕಳಿರುವ ಬೇರೆ ಮನೆಗಳಲ್ಲೂ ಇನ್ನು ಗಿರಣಿಯ ಬಗ್ಗೆ ಕೇಳುತ್ತೇನೆ ಎಂದರು.

ಈಗ ಮಗಳ ಹಿಟ್ಟು ನಂದಗಡದಿಂದ ಬರುತ್ತದೆ. ನನ್ನ ಅತ್ತೆ ಅಕ್ಕಿ ಬಿಟ್ಟು ಬೇರೇನೂ ಕಾಣದ ಬೀಸುಕಲ್ಲಿನಲ್ಲಿ ಬೀಸುತ್ತಾಳೆ. ನಾನು ಗಿರಣಿಯ ನಲ್ಲಿಯಲ್ಲೇ ಜಳಕ ಮಾಡಿ, ಬಟ್ಟೆ ಬದಲಿಸಿ ಮನೆಗೆ ಬರುತ್ತೇನೆ. ರಕ್ತ ಸುಧಾರಿಸಿದೆ. ಫ್ರಾಕುಗಳು ಗಿಡ್ಡವಾಗುತ್ತಿವೆ.

ಮೊದಲು ಮಗಳು ನನ್ನ ಗಾಡಿಯ ಸಪ್ಪಳ ಕೇಳಿದರೆ ಓಡಿ ಬಂದು ತೆಕ್ಕೆಬೀಳುತ್ತಿದ್ದಳು. ಈಗ ಒಳಗೇ ನಿಲ್ಲುತ್ತಾಳೆ.

"ಅಪ್ಪಾ, ಕೈ ತೋರಸು."

ಹೊಸ್ತಿಲ ಹೊರಗೆ ನಿಂತು ಎರಡೂ ಕೈ ತೋರಿಸುತ್ತೇನೆ. ಮೋಟು ಬೆರಳನ್ನು ಬಹಳ ಹೊತ್ತು ನೋಡುತ್ತಾಳೆ. ಆಮೇಲೆ "ಬಾ" ಅನ್ನುತ್ತಾಳೆ.

ಬಾಗಿಲಿನ ನಿಂಬೆಹಣ್ಣು ಒಣಗಿ ಕರ್ರಗಾಗಿದೆ. ಅವ್ವ ಇನ್ನೂ ಬಿಚ್ಚಿಲ್ಲ. ಬಿಚ್ಚು ಎಂದು ನಾನೂ ಹೇಳಿಲ್ಲ.