ತೋಳುಪಟ್ಟಿಯ ಕಪ್ಪು ದಾರ

ಹೆಲೆನ್, ನಿಮ್ಮ ಮುತ್ತಜ್ಜಿಯ ಕಸೂತಿಯನ್ನು ಹಾಳು ಮಾಡಿದವಳು ನಾನು. ಹಾಳು ಮಾಡಿ, ಮುಚ್ಚಿಟ್ಟು, ಇಷ್ಟು ವರ್ಷ ಸುಮ್ಮನಿದ್ದವಳೂ ನಾನೇ.

ಆಗ ನಾವು ಈ ದೇಶಕ್ಕೆ ಹೊಸದಾಗಿ ಬಂದು ಪಾರ್ಸಿಪನಿ ಊರಿನ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದೆವು. ಎರಡು ಸಾವಿರದ ಇಸವಿ ಬರುವುದರೊಳಗೆ ಕಂಪ್ಯೂಟರುಗಳ ತಾರೀಕು ತಿದ್ದುವ ಕೆಲಸ ನಮ್ಮವರದು. ನನ್ನ ವೀಸಾದಲ್ಲಿ ಕೆಲಸಕ್ಕೆ ಅವಕಾಶವಿರಲಿಲ್ಲ. ಲೈಬ್ರರಿಯ ಹೊಲಿಗೆ ಗುಂಪಿನಲ್ಲಿ ನೀವು ಹಳೆಯ ಕಾಲದ ಬ್ಲ್ಯಾಕ್‌ವರ್ಕ್ ಕಲಿಸುತ್ತಿದ್ದಿರಿ — ಬಿಳಿ ಲಿನನ್ ಮೇಲೆ ಕಪ್ಪು ರೇಷ್ಮೆ, ಎಳೆ ಎಣಿಸಿ ಹಾಕುವ ಹೊಲಿಗೆ, ಗಂಟಿಲ್ಲ, ಎರಡೂ ಬದಿ ಒಂದೇ ರೂಪ. ನಮ್ಮ ಧಾರವಾಡದ ಕಡೆಯ ಕಸೂತಿಯ ಗವಂತಿ ಹೊಲಿಗೆಯೂ ಹೀಗೇ ಎಂದೆ. ನೀವು ನಂಬಿ, ನಕ್ಷೆ ತೆಗೆದುಕೊಳ್ಳಲೆಂದು ನಿಮ್ಮ ಮುತ್ತಜ್ಜಿ ಹೊಲಿದಿದ್ದ, ಅಂಗಿತೋಳಿನ ತುದಿಗೆ ಕಟ್ಟುವ ತೋಳುಪಟ್ಟಿಯನ್ನೇ ಕೊಟ್ಟು ಕಳಿಸಿದಿರಿ. ನೀರು ಮಾತ್ರ ತಾಗಿಸಬೇಡ ಎಂದಿದ್ದಿರಿ.

ಅಡುಗೆಮನೆಯ ಟೇಬಲ್ಲಿನ ಮೇಲೆ ಎಳೆ ಎಣಿಸುತ್ತಿದ್ದೆ. ಒಗ್ಗರಣೆ ಹಾಕಿ ಬಂದ ಬೆರಳು — ಅರಿಸಿನದ ಕಲೆ ಬಿತ್ತು. ಇನ್ನೊಬ್ಬರ ಬಟ್ಟೆಯನ್ನು ಕಲೆ ಸಮೇತ ಹಿಂದಿರುಗಿಸುವುದೇ? ಮನೆಯಲ್ಲಿ ಮಾಡುವಂತೆಯೇ ನಿಂಬೆರಸ ಹಿಂಡಿ, ತಿಕ್ಕಿ, ಕಿಟಕಿಯ ಬಿಸಿಲಿಗೆ ಹರವಿದೆ. ಕಲೆ ಹೋಯಿತು. ದಾರವೂ... ಕಬ್ಬಿಣದ ಕಪ್ಪು ಬಣ್ಣ ಕುಡಿದು ಮೊದಲೇ ಜೀರ್ಣವಾಗಿದ್ದ ರೇಷ್ಮೆ ಪುಡಿಪುಡಿಯಾಗಿ ಉದುರಿತು. ಉಳಿದದ್ದು ಸೂಜಿಯ ತೂತುಗಳ ಸಾಲು.

"ಹೇಳಿಬಿಡು, ಆಕಿ ಏನ್ ನಿನ್ನ ನುಂಗತಾಳೇನ?" ಎಂದರು ನಮ್ಮವರು. ಆದರೆ ಆ ಊರಿನಲ್ಲಿ ನನ್ನನ್ನು ಗೆಳತಿ ಎಂದು ಕರೆದವರು ನೀವೊಬ್ಬರೇ — ಅದನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಒಂದು ವಾರದ ಮಧ್ಯಾಹ್ನಗಳೆಲ್ಲ ಕುಳಿತು ಅದೇ ತೂತುಗಳಲ್ಲಿ ನನ್ನ ಕಪ್ಪು ರೇಷ್ಮೆ ಹಾಯಿಸಿದೆ. ಹೊಸ ದಾರದ ಹೊಳಪು ಮಾಸಲೆಂದು ಚಹಾದ ನೀರು ಸವರಿದೆ. ಅಲ್ಲಿಗೆ ಅದು ರಿಪೇರಿಯಾಗಿ ಉಳಿಯಲಿಲ್ಲ, ಮೋಸವಾಯಿತು.

ಹಿಂದಿರುಗಿಸಿದಾಗ ನೀವು ಅದರ ಮೇಲೆ ಬೆರಳಾಡಿಸಿದಿರಿ. "ನಮ್ಮ ಮುತ್ತಜ್ಜಿಯ ಕೈಕೆಲಸ ನೋಡು. ಏನೂ ಆಗಿಲ್ಲ ತಾನೆ?"

"ಏನೂ ಆಗಿಲ್ಲ" ಎಂದೆ.

ಈಗ ನೀವಿಲ್ಲ. ಬಾಸ್ಕಿಂಗ್ ರಿಡ್ಜ್‌ನಲ್ಲಿರುವ ನಿಮ್ಮ ಮಗಳು ತೋಳುಪಟ್ಟಿಯನ್ನು ಊರಿನ ಸಣ್ಣ ಮ್ಯೂಸಿಯಮ್ಮಿಗೆ ಕೊಡುತ್ತಿದ್ದಾಳೆ. ಪಕ್ಕದಲ್ಲಿಡುವ ಚೀಟಿಗೆ ಮುತ್ತಜ್ಜಿಯ ಹೊಲಿಗೆಯ ಬಗ್ಗೆ ಎರಡು ಸಾಲು ಬರೆದುಕೊಡಿ ಎಂದು ನನ್ನನ್ನೇ ಕೇಳಿದ್ದಾಳೆ. ಬರೆದಿದ್ದೇನೆ: ಬಟ್ಟೆ ಅವರದು, ನಕ್ಷೆ ಅವರದು, ತೂತುಗಳು ಅವರವು, ದಾರ ನನ್ನದು. ನಾಳೆ ನಾನೇ ಡ್ರೈವ್ ಮಾಡಿಕೊಂಡು ಹೋಗಿ ಅವಳ ಕೈಗೆ ಕೊಡುತ್ತೇನೆ. ನಿಮಗೆ ಹೇಳಬೇಕಿದ್ದ ಮಾತು ಅದು. ಓದಿ ಅವಳು ಏನನ್ನುತ್ತಾಳೋ — ಅಷ್ಟು ಹೊತ್ತು ಎದುರಿಗೇ ನಿಂತಿರುತ್ತೇನೆ.